ಬಸ್ಸು ಹೋಗುವ ದಾರಿ

ಶಾಂತಪ್ಪನವರ ಬಲಗಾಲಿನ ಬಗ್ಗೆ ಮೊದಲೇ ಹೇಳಿಬಿಡಬೇಕು. ಧಾರವಾಡದಿಂದ ಕಾರವಾರಕ್ಕೆ ಇಪ್ಪತ್ತಾರು ವರ್ಷ ಸರ್ಕಾರಿ ಬಸ್ಸು ಓಡಿಸಿದ ಕಾಲು ಅದು. ಅರಬೈಲ್ ಘಟ್ಟದಲ್ಲಿ ಒಂದೇ ಒಂದು ಅಪಘಾತ ಮಾಡದೆ ಓಡಿಸಿದ್ದಕ್ಕೆ ಬೆಳ್ಳಿ ಪದಕ ಬಂದಿತ್ತು. ಪದಕ ಈಗ ಲಂಡನ್ನಿನ ಹೇಸ್‌ನಲ್ಲಿ, ಮಗನ ಬಾಡಿಗೆ ಮನೆಯ ದೇವರ ಜಗಲಿಯ ಮೇಲೆ ಊದಿನಕಡ್ಡಿಯ ಹೊಗೆ ಕುಡಿಯುತ್ತ ಕೂತಿದೆ. ಆದರೆ ಕಾಲಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಯಾರ ಕಾರಿನಲ್ಲಿ ಕೂತರೂ ಸರಿ, ಎದುರಿಗೆ ಏನೋ ಅಲುಗಾಡಿತು ಅನ್ನಿಸಿದರೆ ಸಾಕು, ಅದು ಇಲ್ಲದ ಬ್ರೇಕನ್ನು ದಬಕ್ಕನೆ ತುಳಿಯುತ್ತದೆ. ಮಗ ಸಂಗಮೇಶ ಓಡಿಸಿದರೂ ಅಷ್ಟೇ, ಅಳಿಯ ಓಡಿಸಿದರೂ ಅಷ್ಟೇ. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಅವರು ಕಣ್ಣು ಮುಚ್ಚಿದ್ದನ್ನು ನಲವತ್ತೈದು ವರ್ಷ ಜೊತೆಗಿದ್ದ ಕಾಶವ್ವ ಕೂಡ ಕಂಡಿಲ್ಲ. ಸೊಸೆ ಸೌಂದರ್ಯಾ ಲೈಸೆನ್ಸ್ ಸಿಕ್ಕ ನಾಲ್ಕು ತಿಂಗಳಲ್ಲಿ ಮಾವನನ್ನು ಒಂದೇ ಸಲ ಕೂರಿಸಿಕೊಂಡು ಹೋಗಿದ್ದಳು, ಅದೂ ತರಕಾರಿ ಅಂಗಡಿಯವರೆಗೆ. ಅಷ್ಟರಲ್ಲಿ ಹದಿನಾಲ್ಕು ಸಲ ತುಳಿದಿದ್ದರು. ಅವಳು ಎಣಿಸಿದ್ದಳು.

ಈಗ ಜನವರಿಯ ಒಂದು ಗುರುವಾರ, ಅದೇ ಮಾವನನ್ನು ಹಿಮದಲ್ಲಿ ಕ್ರೋಯ್ಡನ್ನಿನ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಅವಳ ತಲೆಗೇ ಬಂದಿತ್ತು. ಹನ್ನೊಂದಕ್ಕೆ ಕಣ್ಣಿನ ಪೊರೆಯ ಆಪರೇಷನ್. ಹಿಂದೆ ಎರಡು ಸಲ ದಿನ ಗೊತ್ತಾಗಿ ತಪ್ಪಿಹೋಗಿತ್ತು, ಒಮ್ಮೆ ಕೆಮ್ಮಿಗೆ, ಒಮ್ಮೆ ಏರಿದ ಬಿ.ಪಿ.ಗೆ. ಈ ಸಲ ಬರದಿದ್ದರೆ ಹೆಸರು ಪಟ್ಟಿಯಿಂದ ತೆಗೆಯುತ್ತೇವೆ, ಮತ್ತೆ ನಿಮ್ಮ ಜಿ.ಪಿ. ಡಾಕ್ಟರ ಹತ್ತಿರ ಹೋಗಿ ಮೊದಲಿನಿಂದ ಶುರು ಮಾಡಿ ಎಂದು ಕಾಗದದಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಅಂದರೆ ಇನ್ನೊಂದು ವರ್ಷ. ಶಾಂತಪ್ಪನವರಿಗೆ ಎರಡೂ ಕಣ್ಣು ಮಬ್ಬಾಗಿದ್ದವು. ಚಹಾ ಕೈಗೆ ಕೊಟ್ಟರೆ ಹಿಡಿಯುತ್ತಿದ್ದರು, ಮೇಜಿನ ಮೇಲಿಟ್ಟರೆ ತಡಕಾಡುತ್ತಿದ್ದರು. ಬಾಯಿಬಿಟ್ಟು ಹೇಳುವ ಜಾಯಮಾನದವರಲ್ಲ. ಹೋದ ವಾರ ಕ್ರೋಯ್ಡನ್ನಿನಲ್ಲಿರುವ ಮಗಳು ಸ್ಫೂರ್ತಿ ತನ್ನ ಕೂಸಿನ ಫೋಟೋ ಕಳಿಸಿದಾಗ ಫೋನನ್ನು ತಲೆಕೆಳಗಾಗಿ ಹಿಡಿದು, "ಭಾಳ ಚಲೋ ಬಂದೈತಿ" ಅಂದಿದ್ದರು. ಸೌಂದರ್ಯಾ ಅಡುಗೆಮನೆಗೆ ಹೋಗಿ ಅತ್ತಿದ್ದಳು.

ರಜೆ ಹಾಕಿ ಕರೆದೊಯ್ಯಬೇಕಿದ್ದ ಸಂಗಮೇಶ ಕೆಲಸದ ಮೇಲೆ ಗ್ಲಾಸ್ಗೋಗೆ ಹೋಗಿದ್ದವನು, ವಿಮಾನ ರದ್ದಾಗಿ ಅಲ್ಲೇ ಸಿಕ್ಕಿಕೊಂಡಿದ್ದ. ಟ್ಯಾಕ್ಸಿಯವರು ಇಬ್ಬರು ಒಪ್ಪಿ ಇಬ್ಬರೂ ಕೈಕೊಟ್ಟರು. ಕಣ್ಣು ಕಾಣದ ಎಪ್ಪತ್ತೆರಡರ ಹಿರಿಯರನ್ನು ಹೆಪ್ಪುಗಟ್ಟಿದ ಫುಟ್‌ಪಾತಿನ ಮೇಲೆ ಬಸ್‌ಸ್ಟಾಪಿನವರೆಗೆ ನಡೆಸುವುದೆಂದರೆ ಕಣ್ಣಿನ ಜೊತೆ ಸೊಂಟಕ್ಕೂ ಆಪರೇಷನ್ ಮಾಡಿಸಿದ ಹಾಗೆ. ಉಳಿದದ್ದು ಕಾರು, ಮತ್ತು ನಾಲ್ಕನೆಯ ಸಲಕ್ಕೆ ಟೆಸ್ಟ್ ಪಾಸಾದ ಸೌಂದರ್ಯಾ.

ಏಳು ಗಂಟೆಗೆ ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ಅವಳು ದಾರಿ ನೋಡಿದಳು.

"ಮಾವಾರ, ಮೋಟರ್‌ವೇ ಮ್ಯಾಲೆ ಹೋದ್ರ ಒಂದು ತಾಸು ಅಂತ ತೋರಸಾಕತ್ತೈತಿ. ಊರೊಳಗ ಹಾಯ್ದು ಹೋದ್ರ ಎರಡು ತಾಸು."

ಶಾಂತಪ್ಪನವರು ಚಹಾ ಹೀರಿ ನಿಧಾನಕ್ಕೆ ಕೇಳಿದರು. "ಮೋಟರ್‌ವೇ ಇಳದ ಮ್ಯಾಲೆ ಕ್ರೋಯ್ಡನ್ನಿಗೆ ಹೋಗಾಕ ಗುಡ್ಡ ಹತ್ತಿ ಇಳೀಬೇಕಲ್ಲ?"

"ಹೌದ್ರಿ."

"ಗುಡ್ಡದ ಮ್ಯಾಲೆ ಹಿಮಾ ಜಾಸ್ತಿ. ಮತ್ತ ದೊಡ್ಡ ರಸ್ತೇದಾಗ ಒಂದು ಲಾರಿ ಅಡ್ಡ ಬಿತ್ತಂದ್ರ ಮುಂದೂ ಹೋಗಾಕ ಬರೂದಿಲ್ಲ, ಹಿಂದೂ ಬರಾಕ ಬರೂದಿಲ್ಲ. ಸಂಜೀತನಕಾ ಅಲ್ಲೇ ಕೂಡೂದು. ನನ್ನ ಕೇಳಿದ್ರ, ಬಸ್ಸು ಹೋಗೂ ದಾರಿ ಹಿಡಿ."

ಹೀಥ್ರೋದಿಂದ ಕ್ರೋಯ್ಡನ್ನಿಗೆ ಹೋಗುವ ಕೆಂಪು ಬಸ್ಸು ಅವರಿಗೆ ಮನೆಯ ಹಿತ್ತಲಿದ್ದ ಹಾಗೆ. ಕಣ್ಣು ಚೆನ್ನಾಗಿದ್ದಾಗ ಹಿರಿಯರ ಪಾಸು ತೋರಿಸಿ ವಾರಕ್ಕೊಮ್ಮೆ ಮಗಳ ಮನೆಗೆ ಹೋಗುತ್ತಿದ್ದರು. ಡ್ರೈವರ್ ಹಿಂದಿನ ಸೀಟೇ ಬೇಕು. ಅಲ್ಲಿ ಕೂತು ಅವನ ಒಂದೊಂದು ತಿರುವಿಗೂ ಮನಸ್ಸಿನಲ್ಲೇ ಅಂಕ ಕೊಡುತ್ತ ಹೋಗುತ್ತಿದ್ದರು. ಟೆಡಿಂಗ್ಟನ್, ಕಿಂಗ್‌ಸ್ಟನ್, ನ್ಯೂ ಮಾಲ್ಡನ್, ಚೀಮ್, ಸಟನ್, ವಾಲಿಂಗ್ಟನ್. ಬಸ್ಸು ನಿಲ್ಲಬಾರದೆಂದು ನಗರಸಭೆಯ ಕೌನ್ಸಿಲ್‌ನವರು ಹಿಮ ಕರಗಿಸಲು ಮೊದಲು ಉಪ್ಪು ಸುರಿಯುವುದು ಆ ರಸ್ತೆಗಳಿಗೇ ಎಂಬುದು ಅವರ ವಾದ. ಸೌಂದರ್ಯಾ ನಂಬಲಿಲ್ಲ. ಕೌನ್ಸಿಲ್ಲಿನ ಪುಟ ತೆರೆದು ಉಪ್ಪು ಹಾಕುವ ರಸ್ತೆಗಳ ನಕ್ಷೆ ನೋಡಿದಳು. ಮುದುಕರು ಹೇಳಿದ್ದೇ ಸರಿಯಿತ್ತು. ಅವಳಿಗೆ ಸ್ವಲ್ಪ ಸಿಟ್ಟೇ ಬಂತು.

ಇತ್ತ ಇವರು ದಾರಿ ಹುಡುಕುತ್ತಿದ್ದರೆ ಅತ್ತ ಕಾಶವ್ವ ಬಾಗಿಲಲ್ಲಿ ಇನ್ನೊಂದು ಕೆಲಸ ನಡೆಸಿದ್ದರು. ದಿನಾ ಬೆಳಗ್ಗೆ ಹೊಸ್ತಿಲಿಗೆ ಒಂದು ತಂಬಿಗೆ ನೀರು ಚಿಮುಕಿಸಿ ನಾಲ್ಕೆಳೆ ರಂಗೋಲಿ ಹಾಕುವುದು ಅವರ ಪದ್ಧತಿ. ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾದರೂ ಬಿಟ್ಟಿಲ್ಲ. ಇವತ್ತು ಗಂಡನ ಕಣ್ಣಿನ ಕೆಲಸ, ಬರೀ ತಂಬಿಗೆ ಸಾಲುತ್ತದೆಯೇ? ಎರಡು ಬಕೆಟ್ ಬಿಸಿನೀರು ಕಾಯಿಸಿ, ಬಾಗಿಲಿನಿಂದ ಗೇಟಿನವರೆಗೆ ಸುರಿದು, ಹಿಮವನ್ನೆಲ್ಲ ತೊಳೆದು, ಕಾರಿನ ಹಿಂದೆ ಚೊಕ್ಕ ನೆಲದ ಮೇಲೆ ಎಂಟು ದಳದ ಕಮಲ ಬರೆದಿದ್ದರು. ಸೊಸೆಗೆ ದಾರಿಯೂ ಆಯಿತು, ಶುಭವೂ ಆಯಿತು ಎಂದು ಖುಷಿಯಿಂದ ಒಳಗೆ ಬಂದು ಕೈ ಕಾಯಿಸಿಕೊಂಡರು. ಹೊರಗೆ ಮೈನಸ್ ನಾಲ್ಕು ಡಿಗ್ರಿ.

ಎಂಟೂಕಾಲಿಗೆ ಸೌಂದರ್ಯಾ ಮಾವನನ್ನು ಕೈಹಿಡಿದು ಕಾರಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ರಿವರ್ಸ್ ಗೇರ್ ಹಾಕಿದಳು. ಅಂಗಳ ರಸ್ತೆಯ ಕಡೆಗೆ ಇಳಿಜಾರು. ಚಕ್ರ ಕಮಲದ ಮೇಲೆ ಬಂದದ್ದೇ ತಡ, ಕಾರು ಅವಳ ಮಾತು ಕೇಳುವುದನ್ನು ಬಿಟ್ಟಿತು. ಬ್ರೇಕ್ ಒತ್ತಿದರೆ ಇನ್ನಷ್ಟು ಜಾರಿತು. ಪಕ್ಕದಲ್ಲಿ ಶಾಂತಪ್ಪನವರ ಕಾಲು ಧಡ್ ಎಂದಿತು. ಕಾರು ಅಡ್ಡಡ್ಡ ಹೋಗಿ ಗೇಟಿನ ಬಳಿ ಇದ್ದ ಕಸದ ಡಬ್ಬಿಗಳಿಗೆ ಗುದ್ದಿ ನಿಂತಿತು.

ಸೌಂದರ್ಯಾ ಇಳಿದು ನೋಡಿದಳು. ನೀರೆಲ್ಲ ಹೆಪ್ಪುಗಟ್ಟಿ ನೆಲ ಗಾಜಾಗಿತ್ತು. ಗಾಜಿನೊಳಗೆ ರಂಗೋಲಿ ಫ್ರೇಮ್ ಹಾಕಿಸಿದಂತೆ ಕೂತಿತ್ತು.

"ಅತ್ತಿ! ಇಷ್ಟು ನೀರ ಯಾಕ ಹಾಕಿದ್ರಿ? ಇದೇನು ಧಾರವಾಡ ಅಂತ ತಿಳದೀರೇನು?"

ಕೂಗು ಪಕ್ಕದ ಮನೆಯವರೆಗೂ ಹೋಯಿತು. ಕಾಶವ್ವನ ಮುಖ ಸಣ್ಣದಾಯಿತು. "ಒಳ್ಳೇದಾಗ್ಲಿ ಅಂತ ಹಾಕಿದ್ನವ್ವಾ" ಎಂದಷ್ಟೇ ಹೇಳಿ ಒಳಗೆ ಹೋದರು. ಸೌಂದರ್ಯಾಳಿಗೆ ತಕ್ಷಣ ನಾಚಿಕೆಯಾಯಿತು. ಕಾರಿಗೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಆದರೂ ಡ್ರೈವರ್ ಸೀಟಿನಲ್ಲಿ ಕೂತು, "ನನ್ನ ಕೈಲೆ ಆಗೂದಿಲ್ರಿ ಮಾವಾರ. ಮನಿ ಅಂಗಳಾನ ದಾಟಾಕ ಆಗವಲ್ದು" ಎಂದಳು.

ಶಾಂತಪ್ಪನವರು ತಡಕಾಡಿ ಅವಳ ಭುಜ ತಟ್ಟಿದರು. "ನಾ ಕಲಿಯೂ ಮುಂದ ಡಿಪೋದ ಗೋಡೀನ ಕೆಡವೀನಿ" ಎಂದರು. "ಪದಕಾ ಕೊಟ್ಟಾವ್ರಿಗೆ ಅದು ಗೊತ್ತಿಲ್ಲ."

ಅವಳಿಗೆ ಅಳುವಿನ ನಡುವೆ ನಗು ಬಂತು. ಅಷ್ಟರಲ್ಲಿ ಕಾಶವ್ವ ಹೊರಗೆ ಬಂದರು. ಕೈಯಲ್ಲಿ ಮಾವಿನಕಾಯಿ ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಐದು ಕಿಲೋ ಹರಳುಪ್ಪಿನ ಚೀಲ. ಮೊದಲ ಹಿಡಿಯನ್ನು ಕಾರಿಗೆ ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದರು. ಉಳಿದದ್ದನ್ನು ಬೀಜ ಬಿತ್ತುವ ಹಾಗೆ ಚಕ್ರದ ಮುಂದೆ, ಹಿಂದೆ, ಗೇಟಿನವರೆಗೆ ಎರಚಿದರು. ಇಪ್ಪತ್ತು ನಿಮಿಷದಲ್ಲಿ ಗಾಜು ಬಿರುಕುಬಿಟ್ಟು ಕೆಸರಾಯಿತು. ಸೌಂದರ್ಯಾ ಅತ್ತೆಯ ತಣ್ಣನೆಯ ಕೈ ಹಿಡಿದಳು. "ತಪ್ಪಾತ್ರಿ, ಒದರಬಾರದಿತ್ತು."

"ಒದರು, ಏನಾತೀಗ. ಹುಷಾರಾಗಿ ಹೋಗಿ ಬಾ ಅಷ್ಟ" ಎಂದರು ಕಾಶವ್ವ.

ಹೊರಡುವಾಗ ಒಂಬತ್ತಕ್ಕೆ ಹತ್ತು ನಿಮಿಷ. ಬೀದಿಯ ಕೊನೆಯಲ್ಲಿ ಶಾಂತಪ್ಪನವರು ಗಂಟಲು ಸರಿಮಾಡಿಕೊಂಡರು. "ಇವತ್ತ ನೀ ಡ್ರೈವರು, ನಾ ಕಂಡಕ್ಟರು. ಗಾಡಿ ಯಾರ ಕೈಯಾಗ ಐತೋ, ಮಾತು ಅವರದು. ನಾ ಬರೇ ಹೋಲ್ಡಾನ್ ಅಂತೀನಿ, ಇಲ್ಲಾ ರೈಟ್ ಅಂತೀನಿ. ಬ್ರೇಕ್ ಬಡಬಡ ಒತ್ತಬ್ಯಾಡ. ಸೆಕೆಂಡ್ ಗೇರಿನ್ಯಾಗ ಬಿಡು." ಆಮೇಲೆ ಊರಿನ ಕಂಡಕ್ಟರುಗಳು ಕೂಗುವ ಹಾಗೇ ಕೂಗಿದರು. "ರೈಟ್ ರೈಟ್!"

ಹ್ಯಾಟನ್ ಕ್ರಾಸ್ ಹತ್ತಿರ ಬಸ್ಸಿನ ದಾರಿ ಸೇರಿದರು. ರಸ್ತೆ ಕಪ್ಪಗೆ, ಒದ್ದೆಯಾಗಿ, ಉಪ್ಪು ತಿಂದು ಹೊಳೆಯುತ್ತಿತ್ತು. ಎರಡೂ ಬದಿಯ ಸಣ್ಣ ಬೀದಿಗಳು ಮಾತ್ರ ಬೆಳ್ಳಗೆ ಮಲಗಿದ್ದವು. ಟೆಡಿಂಗ್ಟನ್ ದಾಟುವಷ್ಟರಲ್ಲಿ ಮುಂದೆ ಅದೇ ಕೆಂಪು ಬಸ್ಸು ಸಿಕ್ಕಿತು. ಸೌಂದರ್ಯಾ ಅದರ ಬೆನ್ನು ಹಿಡಿದಳು.

"ಎಷ್ಟು ದೂರ ಐತಿ ಬಸ್ಸು?"

"ಎರಡು ಬಸ್ಸಿನಷ್ಟು ಉದ್ದ."

"ನಾಕು ಬಸ್ಸಿನಷ್ಟು ಬಿಡು."

ಮಬ್ಬುಗಣ್ಣಿನಲ್ಲೂ ಅವರು ದಾರಿಯನ್ನು ಮೈಯಿಂದಲೇ ಓದುತ್ತಿದ್ದರು. ಈಗ ಸೇತುವೆ ಬಂತು, ಈಗ ಬಲಕ್ಕೆ, ಮುಂದೆ ಉಬ್ಬು ಐತಿ. ಕಾಲು ಆಗಾಗ ತುಳಿಯುತ್ತಿತ್ತು. ಸೌಂದರ್ಯಾ ಮೊದಲು ಎಣಿಸಿದಳು, ಕಿಂಗ್‌ಸ್ಟನ್ ಆದಮೇಲೆ ಎಣಿಕೆ ಮರೆತುಹೋಯಿತು.

ಚೀಮ್ ದಾಟಿದ ಮೇಲೆ ಎಲ್ಲವೂ ನಿಂತಿತು. ಹತ್ತೂ ಮುಕ್ಕಾಲು. ಮುಂದೆ ಬಸ್ಸು, ಅದರ ಮುಂದೆ ಸಾಲುಸಾಲು ಕಾರು. ಹತ್ತು ನಿಮಿಷದಲ್ಲಿ ಹತ್ತು ಹೆಜ್ಜೆ. ಕಾರಿನ ಸ್ಪೀಕರಿನಲ್ಲೇ ಆಸ್ಪತ್ರೆಗೆ ಫೋನ್ ಹಚ್ಚಿದಳು. ಹನ್ನೊಂದೂವರೆಯೊಳಗೆ ಬಂದರೆ ಸರಿ, ಆಮೇಲೆ ಬಂದರೆ ಇವತ್ತು ಆಗುವುದಿಲ್ಲ ಎಂದಳು ಆಚೆಯ ಹೆಂಗಸು, ಮೆತ್ತಗೇ. ಫೋನ್ ಇಟ್ಟದ್ದೇ ತಡ, ನಕ್ಷೆ ತಾನಾಗಿ ಬದಲಾಯಿತು. ಎಡಕ್ಕೆ ತಿರುಗಿ, ಹದಿನೈದು ನಿಮಿಷ ಉಳಿಯುತ್ತದೆ ಅಂದಿತು.

ಎಡಕ್ಕೆ ಒಂದು ಬೀದಿ ಇಳಿಯುತ್ತಿತ್ತು. ಚೆಂದದ ಮನೆಗಳು, ಬೇಲಿಯ ಮೇಲೆ ಹಿಮ. ಹದಿನೈದು ನಿಮಿಷ. ಅಷ್ಟಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಅವಳ ಕೈ ಇಂಡಿಕೇಟರ್ ಮೇಲೆ ಹೋಯಿತು.

"ಮಾವಾರ, ಏನ್ ಮಾಡ್ಲಿ?"

"ನಾ ಹೇಳಿದ್ನಲ್ಲ" ಎಂದರು ಶಾಂತಪ್ಪನವರು. ಆಸ್ಪತ್ರೆಯ ಕಾಗದ ಹಿಡಿದಿದ್ದ ಅವರ ಬೆರಳು ಮಾತ್ರ ಬೆಳ್ಳಗಾಗಿತ್ತು. "ಮಾತು ನಿಂದು. ನೀ ಹೋದ್ರೂ ಸೈ, ನಿಂತ್ರೂ ಸೈ."

ಅವಳು ಆ ಬೀದಿಯನ್ನು ನೋಡಿದಳು. ಯಾರೋ ಸ್ವಚ್ಛ ಮಾಡಿದ ಹಾಗೆ ನಯವಾಗಿತ್ತು, ಅಲ್ಲಲ್ಲಿ ಹೊಳೆಯುತ್ತಿತ್ತು. ಬೆಳಗಿನ ಅಂಗಳವೂ ಇಷ್ಟೇ ಚೊಕ್ಕವಾಗಿತ್ತು. ಈ ಬೀದಿಯ ಕೆಳಗೆ ಜಾರಿದರೆ ಅಡ್ಡ ಸಿಗುವುದು ಕಸದ ಡಬ್ಬಿ ಆಗಿರಲಿಕ್ಕಿಲ್ಲ. ಅವಳು ಇಂಡಿಕೇಟರಿನಿಂದ ಕೈ ತೆಗೆದಳು.

"ಬಸ್ಸು ಎಲ್ಲಿ ಹೋಗತೈತೋ ನಾವೂ ಅಲ್ಲೇರಿ."

ಹಿಂದಿದ್ದ ನೀಲಿ ಕಾರಿನವನು ಹಾರ್ನ್ ಹೊಡೆದು, ಇವಳನ್ನು ದಾಟಿ ಎಡಕ್ಕೆ ಇಳಿದುಹೋದ. ಅವನು ಬೇಗ ತಲುಪಿದನೋ, ಬೇಲಿಗೆ ಗುದ್ದಿದನೋ, ಸೌಂದರ್ಯಾಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಗಡಿಯಾರದಲ್ಲಿ ಹನ್ನೊಂದಾಯಿತು, ಹನ್ನೊಂದೂ ಐದಾಯಿತು. ತಪ್ಪು ಮಾಡಿದೆನೇ ಎಂದು ಮೂರು ಸಲ ಅಂದುಕೊಂಡಳು. ಆಮೇಲೆ ಮುಂದಿನ ಬಸ್ಸು ಒಮ್ಮೆ ಮೈ ಕೊಡವಿ ಹೊರಟಿತು. ಸಟನ್ ದಾಟಿದ ಮೇಲೆ ದಾರಿ ಬಿಟ್ಟಿತು.

ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಾಗ ಹನ್ನೊಂದು ಇಪ್ಪತ್ತೇಳು. ಸೌಂದರ್ಯಾ ಮಾವನ ತೋಳು ಹಿಡಿದು ಹೆಚ್ಚುಕಡಿಮೆ ಎಳೆದುಕೊಂಡೇ ಒಳಗೆ ಓಡಿದಳು. ನರ್ಸ್ ಗಡಿಯಾರ ನೋಡಿ, ಇವರಿಬ್ಬರ ಮುಖ ನೋಡಿ, ಇವತ್ತು ಅರ್ಧ ಜನ ಬಂದೇ ಇಲ್ಲ, ನೀವು ಹೇಸ್‌ನಿಂದ ಬಂದಿದ್ದೀರಾ ಎಂದು ಕಣ್ಣರಳಿಸಿದಳು. ಬಿ.ಪಿ. ನೋಡಿದರು. ಸರಿಯಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಳ್ಳಿಕೊಂಡು ಹೋಗುವಾಗ ಶಾಂತಪ್ಪನವರು ಯಾವ ಕಡೆಗೋ ಮುಖ ಮಾಡಿ, "ರೈಟ್ ರೈಟ್" ಎಂದರು. ತಳ್ಳುತ್ತಿದ್ದ ಹುಡುಗಿ ನಿಜವಾಗಿಯೂ ಬಲಕ್ಕೆ ತಿರುಗಿಸಿದಳು, ಸೌಂದರ್ಯಾ ಗೋಡೆಗೊರಗಿ ನಕ್ಕಳು. ಎಷ್ಟೋ ದಿನದ ಮೇಲೆ ಅಷ್ಟು ನಕ್ಕದ್ದು.

ಹೊರಟದ್ದು ಮೂರೂವರೆಗೆ. ಬಲಗಣ್ಣಿನ ಮೇಲೆ ಪಾರದರ್ಶಕ ಕವಚ. ಎಲ್ಲ ಚೆನ್ನಾಗಿ ಆಗಿದೆ, ಇನ್ನೊಂದು ಕಣ್ಣಿಗೆ ಮಾರ್ಚ್‌ನಲ್ಲಿ ಬನ್ನಿ ಎಂದಿದ್ದರು. ಮತ್ತೆ ಅದೇ ದಾರಿ. ಕತ್ತಲಾಗುತ್ತಿತ್ತು, ಹಿಮ ಸಣ್ಣಗೆ ಶುರುವಾಗಿತ್ತು, ಉಪ್ಪಿನ ಲಾರಿಯೊಂದು ಹಳದಿ ದೀಪ ತಿರುಗಿಸುತ್ತ ಮುಂದೆ ಹೋಗುತ್ತಿತ್ತು. ಸೌಂದರ್ಯಾ ಅದರ ಹಿಂದೆ ನಾಲ್ಕು ಬಸ್ಸಿನಷ್ಟು ಬಿಟ್ಟು ನಡೆದಳು. ನ್ಯೂ ಮಾಲ್ಡನ್ ಹತ್ತಿರ ನರಿಯೊಂದು ಅಡ್ಡ ಓಡಿತು. ಅವಳು ಮೆತ್ತಗೆ ಬ್ರೇಕ್ ಹಿಡಿದು, ಅಭ್ಯಾಸದಂತೆ ಪಕ್ಕದ ಕಾಲಿನ ಸಪ್ಪಳಕ್ಕೆ ಕಿವಿಕೊಟ್ಟಳು. ಸಪ್ಪಳ ಬರಲಿಲ್ಲ.

ಗಾಬರಿಯಾಗಿ ತಿರುಗಿ ನೋಡಿದಳು. ಬಲಗಾಲು ಚಾಚಿಕೊಂಡು ಸುಮ್ಮನೆ ಬಿದ್ದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆ ಸಣ್ಣಗೆ, ಲಯವಾಗಿ ಬರುತ್ತಿತ್ತು.

ಮುಂದೆ ಸಿಗ್ನಲ್ಲಿನ ಕೆಂಪು ದೀಪಕ್ಕೆ ನಿಂತಾಗ ಸ್ಪೀಕರಿನಲ್ಲಿ ಸಂಗಮೇಶನ ಫೋನ್ ಬಂತು. ಗ್ಲಾಸ್ಗೋ ವಿಮಾನ ನಿಲ್ದಾಣದ ಗದ್ದಲ ಹಿಂದೆ.

"ಅಪ್ಪ ಹೆಂಗದಾನ?"

"ಮಲ್ಕೊಂಡಾರ" ಎಂದಳು ಪಿಸುದನಿಯಲ್ಲಿ.

"ಆಸ್ಪತ್ರ್ಯಾಗ?"

"ಇಲ್ಲ, ಕಾರಿನ್ಯಾಗ. ಮನಿಗೆ ಹೊಂಟೀವಿ."

"ಕಾರಿನ್ಯಾಗ? ನಮ್ಮಪ್ಪ? ಮತ್ತ ಗಾಡಿ ಯಾರ ಓಡಸಾಕತ್ತಾರ?"

ದೀಪ ಹಸಿರಾಯಿತು. ಸೌಂದರ್ಯಾಳ ಕಣ್ಣು ತುಂಬಿತ್ತು, ರಸ್ತೆ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಸೆಕೆಂಡ್ ಗೇರಿನಲ್ಲಿ ಮೆಲ್ಲಗೆ ಬಿಟ್ಟಳು.

"ನಾನ ಓಡಸಾಕತ್ತೀನ್ರಿ" ಎಂದಳು.