ಡೇರೆಯ ಜೇಬು

ಡೇರೆಯ ಹಿಂಬದಿಯ ಬಟ್ಟೆಯನ್ನು ಎತ್ತಿಕೊಂಡು ಎರಡು ಪಾದಗಳು ಹೊರಗೆ ಬಂದಿದ್ದವು. ನಲ್ಲಿಯಿಂದ ನೀರು ಹಿಡಿದು ತಂದ ದರ್ಜಿ, ಕ್ಯಾನನ್ನು ಕೆಳಗಿಡುವುದನ್ನೂ ಮರೆತು ಅವನ್ನೇ ನೋಡುತ್ತ ನಿಂತ. ಪಾದಗಳು ಅವನ ಹೆಂಡತಿಯವು. ಮಧ್ಯಾಹ್ನದ ಊಟ ಮುಗಿಸಿ ಒಳಗೆ ಅಡ್ಡಾದವಳಿಗೆ ಗಾಢ ನಿದ್ದೆ. ಒಂದು ಇರುವೆ ಅವಳ ಹಿಮ್ಮಡಿಗೆ ಪ್ರದಕ್ಷಿಣೆ ಹಾಕಿ ತನ್ನ ದಾರಿ ಹಿಡಿದು ಹೋಯಿತು.

ಶಿಬಿರದ ಮೈದಾನ ನೋಡಿಕೊಳ್ಳುವ ಕಾವಲುಗಾರ ಪೊರಕೆ ಹಿಡಿದು ಅತ್ತ ಬಂದವನು ನಕ್ಕ. "ಏನ್ ಯಜಮಾನ್ರೇ, ಡೇರೆ ಗಿಡ್ಡ ಆಯ್ತಲ್ಲ. ಕೊಂಡ ಅಂಗಡಿಗೇ ವಾಪಸ್ ಕೊಡಿ."

"ನಾನೇ ಹೊಲಿದಿದ್ದು."

"ಹಾಗಾದ್ರೆ ಯಾರಿಗೆ ವಾಪಸ್ ಕೊಡ್ತೀರಿ, ಪಾಪ," ಎಂದು ಅವನು ಗುಡಿಸುತ್ತ ಮುಂದೆ ಹೋದ.

ಊರಿನ ಅರ್ಧ ಜನರ ಮೈಗೆ ಬಟ್ಟೆ ಹೊಂದಿಸಿದವನಿಗೆ ಇದು ತಲೆ ತಗ್ಗಿಸುವ ಮಾತೇ. ಯಾರೋ ಪ್ರವಾಸಿ ಹರಿದ ಡೇರೆಯೊಂದನ್ನು ರಿಪೇರಿಗೆ ತಂದುಕೊಟ್ಟಾಗಿನಿಂದ ಅವನಿಗೆ ಈ ಹುಚ್ಚು ಹಿಡಿದಿತ್ತು. ತಾನೂ ಒಂದನ್ನು ಹೊಲಿಯಬೇಕು, ದಕ್ಷಿಣಕ್ಕಿರುವ ಹಳೆಯ ಕೋಟೆಯ ಊರಿಗೆ ಹೋಗಿ ಕೆರೆಯ ದಂಡೆಯಲ್ಲಿ ಹೆಂಡತಿಯ ಜೊತೆ ಒಂದು ರಾತ್ರಿ ಕಳೆಯಬೇಕು. "ಗಟ್ಟಿ ಮನೆ ಇರೋವಾಗ ಬಯಲಲ್ಲಿ ಮಲಗೋಕೆ ನಮಗೇನು ತಲೆ ಕೆಟ್ಟಿದ್ಯಾ?" ಎನ್ನುತ್ತಿದ್ದವಳು, ಹೊಲಿದು ಮುಗಿದ ಡೇರೆಯನ್ನು ಕಂಡ ಮೇಲೆ ಅರೆಮನಸ್ಸಿನಿಂದ ಒಪ್ಪಿದ್ದಳು. ಅದಕ್ಕೂ ಒಂದು ಷರತ್ತು. "ಸರಿಹೋಗ್ಲಿಲ್ಲ ಅಂದ್ರೆ ಸಂಜೆ ಕೊನೇ ಬಸ್ಸಿಗೆ ವಾಪಸ್. ಆಮೇಲೆ ಈ ಡೇರೆ ಮಾತು ಎತ್ತಬಾರದು."

ಅಳತೆಯನ್ನು ಅವನು ಕದ್ದು ತೆಗೆದಿದ್ದ. ಕೇಳಿದರೆ ಬೇಡ ಅಂದಾಳೆಂದು, ಒಂದು ಭಾನುವಾರ ಅವಳು ಮಲಗಿದ್ದಾಗ ಮೆತ್ತಗೆ ಟೇಪು ಹಿಡಿದಿದ್ದ. ಅವಳು ಯಾವತ್ತಿನಂತೆ ಮಂಡಿ ಮಡಚಿ ಮುದುಡಿಕೊಂಡಿದ್ದಳು. ಬಟ್ಟೆ ದಂಡ ಮಾಡುವುದೆಂದರೆ ಅವನಿಗೆ ಆಗದು. ತನ್ನ ಬದಿಯನ್ನು ಉದ್ದ ಬಿಟ್ಟು, ಅವಳ ಬದಿಯನ್ನು ಆ ಅಳತೆಗೇ ಓರೆಯಾಗಿ ಕತ್ತರಿಸಿ, ಎಷ್ಟು ಬಟ್ಟೆ ಉಳಿಸಿದೆ ಎಂದು ಒಳಗೊಳಗೇ ಬೀಗಿದ್ದ. ಉಳಿದದ್ದರಲ್ಲಿ ಡೇರೆ ತುಂಬಿಕೊಂಡು ಬರಲು ಒಂದು ಚೀಲವೂ ಆಗಿತ್ತು.

ಅವನು ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಟೇಪು ತೆಗೆದು ಪಾದಗಳ ಹತ್ತಿರ ಹಿಡಿದ. ಅವು ಚಟ್ಟನೆ ಒಳಗೆ ಸರಿದವು. ಡೇರೆಯ ಮುಂಬದಿಯಿಂದ ಹೆಂಡತಿಯ ಮುಖ ಹೊರಗೆ ಬಂತು.

"ಏನ್ರೀ ಅದು, ಕಚಗುಳಿ ಇಡ್ತಿದ್ದೀರಾ?"

"ಡೇರೆ ಗಿಡ್ಡ ಆಗಿದೆ ಕಣೇ. ನೀನು ಮುದುಡಿಕೊಂಡು ಮಲಗೋಳು ಅಂತ ಆ ಲೆಕ್ಕಕ್ಕೇ ಕತ್ತರಿಸಿಬಿಟ್ಟೆ."

ಅವಳು ಹೊರಗೆ ಬಂದು ಕೂದಲು ಕಟ್ಟಿಕೊಂಡಳು. "ಮುದುಡಿಕೊಳ್ದೆ ಏನ್ ಮಾಡ್ಲಿ? ಮಂಚದ ಕಾಲ್ದೆಸೇಲಿ ನಿಮ್ಮ ಗಿರಾಕಿಗಳ ಬಟ್ಟೆ ಸ್ಟ್ಯಾಂಡು ಇದೆಯಲ್ಲ. ಕಾಲು ಚಾಚಿದ್ರೆ ಇಸ್ತ್ರಿ ಮಾಡಿದ ಪ್ಯಾಂಟೆಲ್ಲ ನೆಲಕ್ಕೆ. ಮದುವೆ ಹೊಸದ್ರಲ್ಲಿ ಒಂದ್ಸಲ ಬಿದ್ದಿದ್ವು. ಅವತ್ತು ನೀವು ಕೂಗಾಡಿದ್ದು ಮರೆತ್ರಾ?"

ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಮ್ಮ ಹೇಳ್ತಿದ್ರು," ಎಂದು ಅವಳು ನಕ್ಕಳು. "ಆ ಮಾತನ್ನ ಚಾಚೂ ತಪ್ಪದೆ ಪಾಲಿಸಿದೋಳು ನಾನೊಬ್ಳೇ ಇರಬೇಕು."

ಅವಳು ದೂರುವ ದನಿಯಲ್ಲಿ ಹೇಳಿರಲಿಲ್ಲ. ಆದರೂ ಅವನಿಗೆ ನಾಚಿಕೆಯಾಯಿತು. ಸ್ಟ್ಯಾಂಡು ಇದ್ದದ್ದು ಅವಳ ಬದಿಗೆ. ಅವನ ಬದಿಯಲ್ಲಿ ಕಿಟಕಿ. ಅವನು ಅಷ್ಟು ವರ್ಷವೂ ಕಾಲು ನೀಡಿಕೊಂಡು, ಗಾಳಿ ತೆಗೆದುಕೊಂಡು, ಗೊರಕೆ ಹೊಡೆದಿದ್ದ. ಹೆಂಡತಿಗೆ ಮುದುಡುವುದು ಇಷ್ಟವೆಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

ಅವನು ಡೇರೆಯ ಚೀಲವನ್ನು ಕೈಗೆತ್ತಿಕೊಂಡ. ಸೂಜಿ, ದಾರ, ಪುಟ್ಟ ಕತ್ತರಿ ಅವನು ಹೋದಲ್ಲೆಲ್ಲ ಜೊತೆಗೆ ಬರುತ್ತಿದ್ದವು. ಅವಳ ಬದಿಯ ಅಂಚನ್ನು ಬಿಚ್ಚಿ, ಚೀಲದ ಬಾಯನ್ನು ಅಲ್ಲಿಗೆ ಹೊಂದಿಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕತೊಡಗಿದ. ಹೆಂಡತಿ ಸ್ಟೌ ಹಚ್ಚಿ ಚಹಾಕ್ಕಿಟ್ಟಳು. ಕೆರೆಯಾಚೆ ಕೋಟೆಯ ಗೋಡೆ ಕೆಂಪಾಗುತ್ತ ಬಂತು. ಕಾವಲುಗಾರ ಇನ್ನೊಮ್ಮೆ ಬಂದು ನಿಂತು, "ಡೇರೆಗೂ ಜೇಬು ಇಡ್ತಾರಾ?" ಎಂದು ಕೇಳಿ, ಒಂದು ಲೋಟ ಚಹಾ ಕುಡಿದು ಹೋದ.

"ಮನೆಗೆ ಹೋದ ತಕ್ಷಣ ಆ ಸ್ಟ್ಯಾಂಡನ್ನ ಅಂಗಡಿಗೆ ಸಾಗಿಸ್ತೀನಿ," ಎಂದ ದರ್ಜಿ, ತಲೆಯೆತ್ತದೆ.

"ಅಂಗಡೀಲಿ ಜಾಗ ಎಲ್ಲಿದೆ?"

"ಮಾಡ್ತೀನಿ."

ಹೊಲಿಗೆ ಇನ್ನೂ ಒಂದು ಗೇಣು ಉಳಿದಿತ್ತು. ಕತ್ತಲಾಗುವ ಮೊದಲು ಮುಗಿಯುತ್ತಿತ್ತು, ಆದರೆ ಬಸ್ಸು ಅದಕ್ಕೂ ಮೊದಲೇ ಬರುತ್ತಿತ್ತು. ಅದನ್ನು ಹೇಳದಿರಲು ಅವನಿಗೆ ತುಂಬ ಆಸೆಯಾಯಿತು. ಆದರೆ ಮಾತು ಕೊಟ್ಟಾಗಿತ್ತು.

"ಬಸ್ಸಿನ ಹೊತ್ತಾಯ್ತು ಕಣೇ. ನೀನು ಹೂಂ ಅಂದ್ರೆ ಈಗ್ಲೇ ಡೇರೆ ಬಿಚ್ಚಿಬಿಡ್ತೀನಿ."

ಅವಳು ಲೋಟ ತೊಳೆಯುತ್ತಿದ್ದಳು. "ಅಲ್ರೀ, ಇದ್ದ ಒಂದು ಚೀಲಾನೂ ಹೊಲಿದುಬಿಟ್ರಿ. ನಾಳೆ ಡೇರೇನ ಯಾತರಲ್ಲಿ ತುಂಬ್ಕೊಂಡು ಹೋಗ್ತೀರಿ?"

ಸೂಜಿ ಬಟ್ಟೆಯಲ್ಲೇ ನಿಂತಿತು. "ಹೊದಿಕೇಲಿ ಗಂಟು ಕಟ್ಟೋಣ," ಎಂದ ಅವನು.

ಏರಿಯ ಮೇಲಿನ ರಸ್ತೆಯಲ್ಲಿ ಬಸ್ಸು ದೀಪ ಹಚ್ಚಿಕೊಂಡು ಬಂತು, ನಿಂತಿತು, ಹೋಯಿತು. ಅವಳು ಅತ್ತ ನೋಡಲಿಲ್ಲ. ಅವನು ಕೊನೆಯ ಗಂಟು ಹಾಕಿ ದಾರ ಕಡಿಯುವಷ್ಟರಲ್ಲಿ ಅವಳು ಒಳಗೆ ಹೋಗಿ ಮಲಗಿ ನೋಡುತ್ತಿದ್ದಳು. ಹೊಸ ಜೇಬು ಮೆಲ್ಲಗೆ ಉಬ್ಬಿತು. ಮೂಲೆಯಲ್ಲಿ ಹೆಬ್ಬೆರಳೊಂದು ಬಟ್ಟೆಯನ್ನು ಹುಡುಕಿಕೊಂಡು ಬಂತು. ಇನ್ನೂ ಜಾಗವಿತ್ತು.