ಒಂಬತ್ತನೇ ಕ್ಲಾಸಿನಲ್ಲಿ ನನ್ನ ಗಂಟೆಯ ವಿಚಾರಣೆ

ನಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಗಂಟೆ ಹೊಡೆಯುವವನು ನಾನೇ. ನಾನು ಒಂದೇಟು ಹಾಕಿದರೆ ಮೂರು ಬೀದಿಯಾಚೆ ನಿಂತುಹೋದ ಗಡಿಯಾರಗಳೂ ಎದ್ದು ಓಡುತ್ತಿದ್ದವು. ಸುಳ್ಳಾದರೆ ನನ್ನ ಕಿವಿ ಹಿಂಡಿ.

ಅಂಥ ಗಂಟೆಗೆ ಕುತ್ತು ಬಂತು. ಕರೆಂಟ್ ಬೆಲ್ ಬೇಕೋ ಬೇಡವೋ ಅನ್ನುವುದನ್ನು ಒಂಬತ್ತನೇ ಕ್ಲಾಸಿನವರೇ ಸಭೆ ಸೇರಿ ತೀರ್ಮಾನಿಸಲಿ, ಅವರದೇ ಕಡೇ ಮಾತು ಅಂದುಬಿಟ್ಟರು ಹೆಡ್‌ಮಾಸ್ಟರು. ಪೌರನೀತಿಯನ್ನು ಓದಿದರೆ ಸಾಲದು, ಮಾಡಿ ಕಲಿಯಬೇಕು ಅಂತ ಟೀಚರಮ್ಮ ಹಟ ಹಿಡಿದಿದ್ದರಂತೆ.

ನನಗೇನೂ ಭಯವಿರಲಿಲ್ಲ. ಸಭೆಯ ಅಧ್ಯಕ್ಷೆ ನನ್ನ ತಮ್ಮನ ಮಗಳು. ಮನೆಯಲ್ಲಿ ಮೆಣಸಿನಕಾಯಿ ಅಂತ ಕರೆಯುತ್ತೇವೆ. ನನ್ನ ಹೆಗಲ ಮೇಲೆ ಕೂತು ಬೆಳೆದವಳು.

ನನ್ನನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಅದುವರೆಗೆ ಆ ಬೆಂಚುಗಳನ್ನು ಒರೆಸಿದ್ದೆನೇ ಹೊರತು ಕೂತಿರಲಿಲ್ಲ.

"ಗಂಟೆ ತಡವಾಗುತ್ತಂತೆ, ಹೌದಾ ತಾತ?" ಕೇಳಿದವನು ಉಪಾಧ್ಯಕ್ಷ, ಕನ್ನಡಕದ ಹುಡುಗ.

"ತಡಾನಾ? ಮರಿ, ಸೂರ್ಯನೇ ನನ್ನ ಗಂಟೆ ಕೇಳಿಸ್ಕೊಂಡು ಮುಳುಗೋದು!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೆಣಸಿನಕಾಯಿ ಸ್ಕೇಲಿನಿಂದ ಮೇಜು ಕುಟ್ಟಿದಳು.

"ಅದನ್ನ ಬರ್ಕೋಬೇಡಿ. ದೊಡ್ಡಪ್ಪಾ... ಅಲ್ಲ, ಸಾಕ್ಷಿಯವರೇ, ನಿಜ ಹೇಳಿ."

"ಯಾರಾದ್ರೂ ಮಾತಿಗೆ ಸಿಕ್ರೆ ಸ್ವಲ್ಪ ತಡ ಆಗುತ್ತಮ್ಮ. ಆದ್ರೆ ಗಂಟೇನೂ ಹೋದ್ರೆ, ನಾನೊಬ್ಬ ಇಲ್ಲಿದೀನಿ ಅಂತ ಯಾರಿಗೆ ಗೊತ್ತಾಗುತ್ತೆ?"

ಯಾರೂ ನಗಲಿಲ್ಲ. ಎಲ್ಲರೂ ಬರೆದುಕೊಂಡರು. ನನ್ನ ಮಾತನ್ನು ಬರೆದುಕೊಂಡವರನ್ನು ಹುಟ್ಟಿದ ಮೇಲೆ ಅವತ್ತೇ ನೋಡಿದ್ದು. ಮೈ ಜುಮ್ಮೆಂದಿತು.

ಚೀಟಿ ಎಣಿಸಿದರು. ಹತ್ತೊಂಬತ್ತು, ಹತ್ತೊಂಬತ್ತು! ಸಭೆ ನಡೆಸುವ ಇಬ್ಬರು ಮಾತ್ರ ಚೀಟಿ ಹಾಕಿರಲಿಲ್ಲ. ಸಮ ಬಂದರೆ ಅಧ್ಯಕ್ಷರ ವೋಟೇ ಕೊನೆ ಅಂದರು ಟೀಚರಮ್ಮ. ಗೆದ್ದೆ ಅಂತ ಮೀಸೆ ತಿರುವಿದೆ.

ಮೆಣಸಿನಕಾಯಿ ಎದ್ದು ನಿಂತಳು. ಸ್ಕೇಲನ್ನು ಮೇಜಿನ ಮೇಲಿಟ್ಟಳು.

"ಅವರು ನಮ್ಮ ದೊಡ್ಡಪ್ಪ. ಈ ವೋಟು ನಾನು ಹಾಕ್ಬಾರ್ದು."

ಕುರ್ಚಿಯನ್ನು ಕನ್ನಡಕದ ಹುಡುಗನಿಗೆ ಬಿಟ್ಟುಕೊಟ್ಟಳು. ಟೀಚರಮ್ಮ ಕಣ್ಣೊರೆಸಿಕೊಂಡರು.

ಅವನು ನನ್ನನ್ನೇ ನೋಡಿ, "ಸಂಜೆ ಗಂಟೆ ತಡ ಆಗಿ ನನ್ನ ತಂಗಿಗೆ ದಿನಾ ಬಸ್ಸು ತಪ್ಪುತ್ತೆ. ಬೇಜಾರು ಮಾಡ್ಕೋಬೇಡಿ ತಾತ. ಕರೆಂಟ್ ಬೆಲ್" ಅಂದ.

ಮನೆಗೆ ಹೋಗುವಾಗ ಮೆಣಸಿನಕಾಯಿ ಮೆಲ್ಲಗೆ ಕೇಳಿದಳು: "ಕೋಪಾನಾ ದೊಡ್ಡಪ್ಪ?"

ಕೋಪ ಎಲ್ಲಿಂದ ಬರಬೇಕು! ಮೊಣಕಾಲೆತ್ತರವಿದ್ದ ಹುಡುಗಿ ಯಾವಾಗ ಇಷ್ಟು ದೊಡ್ಡವಳಾದಳು? ಅವಳ ಪುಸ್ತಕದ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡೆ. ಅವಳಿಗಿಂತ ಒಂದು ಹೆಜ್ಜೆ ಹಿಂದೆಯೇ ನಡೆದೆ.