ಓರಿನ್ ಸತ್ತ ಶನಿವಾರ

ಬದುಕಿರುವವನ ಬಾಯಿಂದಲೇ ಅವನ ಸಾವಿನ ಸುದ್ದಿ ಹೊರಟಿದ್ದು ನಮ್ಮ ಮಿನ್ನೆಸೋಟದಲ್ಲಿ ಅದೇ ಮೊದಲಿರಬೇಕು. ಹೊರಡಿಸಿದವನು ಓರಿನ್ ಟ್ವೇಟ್, ಕಿಟಕಿ ಕಾರ್ಖಾನೆಯಲ್ಲಿ ಗಾಜು ಕೂರಿಸುವವನು. ಸುಳ್ಳು ಹೇಳಿದರೆ ತುತ್ತು ಗಂಟಲಲ್ಲಿ ಇಳಿಯದಂಥ ಸಾಧು ಪ್ರಾಣಿ.

ಆ ಸಾಧುವಿನ ತಲೆಯ ಮೇಲೆ ಒಂದು ವರ್ಷದಿಂದ ಸಾಲ ಕೂತಿತ್ತು. ಕಾರ್ಖಾನೆಯವರು ಓವರ್‌ಟೈಮ್ ನಿಲ್ಲಿಸಿದಾಗ ಅವನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಮನೆ ಕಾಯಿಸುವ ಫರ್ನೇಸ್ ಕೆಟ್ಟಿತು, ಕ್ರೆಡಿಟ್ ಕಾರ್ಡು ಉಜ್ಜಿದ. ಹೆಂಡತಿಯ ಹಲ್ಲು ನೋಯಿತು, ಕಾರ್ಡು. ಮೊಮ್ಮಕ್ಕಳ ಕ್ರಿಸ್‌ಮಸ್ಸು, ಕಾರ್ಡು. ಆಮೇಲೆ ಒಂದು ಕಾರ್ಡಿನ ಬಾಯಿ ಮುಚ್ಚಿಸಲು ಇನ್ನೊಂದು ಕಾರ್ಡು. ಈಗ ಅವನ ಸಾಲ ಒಂದು ಹೊಸ ಪಿಕಪ್ ಗಾಡಿಯ ಬೆಲೆಯಷ್ಟಾಗಿತ್ತು. ಅಂಗಳದಲ್ಲಿ ಮಾತ್ರ ಪಿಕಪ್ ಇರಲಿಲ್ಲ.

ಸಾಲಕ್ಕಿಂತ ಅದನ್ನು ಬಚ್ಚಿಡುವ ಕೆಲಸವೇ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿತ್ತು. ಟಪಾಲು ಹಂಚುವವಳು "ಹೇಗಿದೀರಾ?" ಅಂದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಭುಜ ನೋವು ಅಂತ ನೆಪ ಹೇಳಿ ಬೌಲಿಂಗ್ ಆಟ ಬಿಟ್ಟ. ವಸೂಲಿಯವರ ಫೋನು ಶುರುವಾದ ಮೇಲೆ ಮೊಬೈಲನ್ನು ಬ್ರೆಡ್ಡಿನ ಡಬ್ಬಿಯಲ್ಲಿ ಇಡುತ್ತಿದ್ದ. ಹೆಂಡತಿ ಮಾರ್ಲಿಸ್ "ಏನಾಗಿದೆ ನಿಂಗೆ?" ಅಂದರೆ "ಏನಿಲ್ಲ" ಅನ್ನುವನು. ನಾರ್ವೆ ಮೂಲದ ನಮ್ಮ ಮನೆಗಳಲ್ಲಿ ಅಷ್ಟು ಮಾತಾಡಿದರೆ ಒಂದು ವಾರಕ್ಕೆ ಸಾಕು.

ಅವನಿಗೆ ಬ್ಯಾಂಕಿನ ಹೆದರಿಕೆ ಇರಲಿಲ್ಲ. ಇದ್ದದ್ದು ಮಾರ್ಲಿಸ್‌ಳ ಮುಖದ ಹೆದರಿಕೆ. ಮದುವೆಯಾದಾಗಿನಿಂದ ಅವಳು ಊರಿನವರೆದುರು "ನಮ್ಮ ಓರಿನ್ ಯಾರಿಗೂ ಒಂದು ಕಾಸು ಬಾಕಿ ಇಟ್ಟೋನಲ್ಲ" ಎಂದು ಎದೆಯುಬ್ಬಿಸಿ ಹೇಳಿಕೊಂಡು ಬಂದವಳು. ಆ ಮಾತು ಸುಳ್ಳೆಂದು ಗೊತ್ತಾದ ಗಳಿಗೆಯಲ್ಲಿ ಅವಳ ಮುಖ ಹೇಗಾಗಬಹುದೋ ಅದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಆ ಶನಿವಾರ ಮಾರ್ಲಿಸ್ ಕಾರು ತೆಗೆದುಕೊಂಡು ತಾನು ಕೂದಲು ಕತ್ತರಿಸುವ ಸಲೂನಿಗೆ ಹೋಗಿದ್ದಳು. ಬೆಳಗಿನಿಂದ ಬ್ರೆಡ್ಡಿನ ಡಬ್ಬಿ ಬಡಕೊಳ್ಳುತ್ತಲೇ ಇತ್ತು. ರೋಸಿಹೋಗಿ ಓರಿನ್ ಫೋನೆತ್ತಿದ.

"ಓರಿನ್ ಟ್ವೇಟ್ ಅವ್ರು ಇದಾರಾ?" ಜೇನಿನಂಥ ಹೆಣ್ಣುದನಿ. ಜೇನಿನ ದನಿಯವರೇ ಹೆಚ್ಚು ಕುಟುಕುತ್ತಾರೆಂದು ಅವನಿಗೆ ಅನುಭವವಾಗಿತ್ತು.

"ಇಲ್ಲಮ್ಮ," ಎಂದ ಗಂಟಲು ಒರಟು ಮಾಡಿಕೊಂಡು. "ಹೋಗ್ಬಿಟ್ಟ. ಬೆಳಿಗ್ಗೆ. ಹಾರ್ಟು."

"ಅಯ್ಯೋ ದೇವ್ರೇ! ತಾವು..."

"ಅವನ ತಮ್ಮ," ಎಂದು ಫೋನಿಟ್ಟ.

ಎಂಥ ಹಗುರ! ಇಷ್ಟು ಸುಲಭವಿದ್ದರೆ ಚಳಿಗಾಲದಲ್ಲೇ ಸಾಯಬಹುದಿತ್ತಲ್ಲ ಅನ್ನಿಸಿತು. ಮೊಟ್ಟೆ ಒಡೆದು ಹಾಕಿದ, ಬೇಕನ್ ಹುರಿದ, ಎಷ್ಟೋ ತಿಂಗಳ ಮೇಲೆ ಶಿಳ್ಳೆ ಹಾಕಿದ. ಸತ್ತ ಮೇಲೆ ಇಷ್ಟು ಹಸಿವಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಫೋನು ಮಾಡಿದವಳು ವಸೂಲಿಯವಳಲ್ಲ. ಚರ್ಚಿನ ಕಚೇರಿಗೆ ಅದೇ ವಾರ ಸೇರಿದ ಜಾನೆಲ್ ಎಂಬ ಹುಡುಗಿ. ಭಾನುವಾರದ ಕಾಫಿ ಯಾವತ್ತಿನಂತೆ ಓರಿನ್ ಕಾಸುತ್ತಾನಾ ಎಂದು ಕೇಳಲು ಪಾಪ ತನ್ನ ಸ್ವಂತ ಫೋನಿನಿಂದ ಕರೆದಿದ್ದಳು. ನಮ್ಮ ಚರ್ಚಿನಲ್ಲಿ ಒಬ್ಬರು ಇಬ್ಬರಿಗೆ, ಇಬ್ಬರು ನಾಲ್ವರಿಗೆ ಫೋನು ಮಾಡುವ ಸರಪಳಿಯೊಂದಿದೆ. ಸಾವಿನ ಸುದ್ದಿ ಅದರಲ್ಲಿ ಬಂತೆಂದರೆ ಊರಿನ ಹೆಂಗಸರು ಮೊದಲು ಓವನ್ ಹಚ್ಚುತ್ತಾರೆ, ಅಳುವುದು ಅದು ಕಾಯುವಷ್ಟರಲ್ಲಿ. ಬೀಫು, ಬೀನ್ಸು, ಅಣಬೆಯ ಸೂಪು, ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್ ಇಲ್ಲದೆ ಇಲ್ಲಿ ಯಾರೂ ಮಣ್ಣಾಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಸದ್ದಾಯಿತು. ಓರಿನ್ ಪರದೆಯ ಸಂದಿಯಿಂದ ಇಣುಕಿದ. ಎದುರುಮನೆಯ ಮುದುಕಿ ಎಲ್ಡೋರಾ ಮುಚ್ಚಿದ ಪಾತ್ರೆಯೊಂದನ್ನು ಮೆಟ್ಟಿಲ ಮೇಲಿಟ್ಟು, ಕಣ್ಣೊರೆಸಿಕೊಳ್ಳುತ್ತ ಹೋದಳು. ಮಾರ್ಲಿಸ್‌ಳ ಕಾರು ಕಾಣದ್ದರಿಂದ ಯಾರೂ ಬಾಗಿಲು ತಟ್ಟಲಿಲ್ಲ. ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಬಾಗಿಲು ತೆರೆದು ನೋಡಿದರೆ ಮೆಟ್ಟಿಲ ತುಂಬ ಬಿಸಿ ಪಾತ್ರೆಗಳು. ಒಂದರ ಮೇಲೆ ಚೀಟಿ: "ಪ್ರೀತಿಯ ಮಾರ್ಲಿಸ್, ಒಳ್ಳೆಯವರನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ."

ಬೆಳಿಗ್ಗೆ ಫೋನು ಮಾಡಿದವಳು ವಸೂಲಿಯವಳಲ್ಲವೆಂದು ಆಗ ಹೊಳೆಯಿತು. ಎಲ್ಡೋರಾಗೆ ತಿಳಿದಿದೆ ಅಂದರೆ ಸಲೂನಿಗೂ ತಿಳಿದಂತೆಯೇ. ಫೋನು ಮಾಡಿದ. ಮಾರ್ಲಿಸ್ ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಮನೆಯೊಳಗಿನ ಚಪ್ಪಲಿಯಲ್ಲೇ ಓಡಬೇಕೆಂದು ಮೆಟ್ಟಿಲಿಳಿಯುವಷ್ಟರಲ್ಲಿ ಅವಳ ಕಾರು ಹುಲ್ಲಿನ ಮೇಲೆಯೇ ನುಗ್ಗಿ ಬಂದು ನಿಂತಿತು.

ಮಾರ್ಲಿಸ್ ಇಳಿದಳು. ಕೈಯಲ್ಲಿ ಇನ್ನೂ ಬಣ್ಣ ಹಚ್ಚುವ ಗ್ಲೌಸು, ಕೆನ್ನೆಯ ಮೇಲೆ ಯಾರದೋ ಕೂದಲಿನ ಕಂದು ಬಣ್ಣ. ಹಾಟ್‌ಡಿಶ್‌ಗಳ ನಡುವೆ ನಿಂತ ಗಂಡನನ್ನು ನೋಡಿ ಕಾರಿಗೇ ಒರಗಿದಳು.

"ಓರಿನ್? ಬದ್ಕಿದೀಯಾ?"

"ಇದೀನಿ ಕಣೇ."

ಅವಳು ಬಂದು ತಬ್ಬಿಕೊಂಡಳು, ಅವನ ಪಕ್ಕೆಲುಬು ನೋಯುವ ಹಾಗೆ. ಆಮೇಲೆ ದೂರ ತಳ್ಳಿದಳು. "ಯಾವ ಪಾಪಿ ಹೇಳಿದ್ದು ನೀನ್ ಸತ್ತೆ ಅಂತ?"

"ನಾನೇ."

"ನೀನೇ?"

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದ: ಓವರ್‌ಟೈಮು, ಫರ್ನೇಸು, ಕಾರ್ಡುಗಳು, ಬ್ರೆಡ್ಡಿನ ಡಬ್ಬಿ. ಹೇಳಿ ಮುಗಿಸಿ, ವರ್ಷದಿಂದ ಹೆದರುತ್ತಿದ್ದ ಆ ಮುಖವನ್ನು ತಲೆಯೆತ್ತಿ ನೋಡಿದ.

"ಸಲೂನಿಂದ ಇಲ್ಲೀವರ್ಗೂ ಗಂಡ ಸತ್ತೋಳಾಗಿ ಗಾಡಿ ಓಡಿಸ್ಕೊಂಡ್ ಬಂದೆ ಕಣೋ ನಾನು!" ಮಾರ್ಲಿಸ್ ಗ್ಲೌಸು ಕಿತ್ತು ಅದರಲ್ಲೇ ಅವನಿಗೆ ನಾಲ್ಕು ಬಾರಿಸಿದಳು. "ಸಾಲ ಅಂತೆ ಸಾಲ! ಸಾಲ ಇಬ್ರೂ ದುಡಿದು ತೀರಿಸ್ಬೋದು. ನಿನ್ನ ಎಲ್ಲಿಂದ ತರ್ಲಿ? ಹೇಳು, ಎಲ್ಲಿಂದ ತರ್ಲಿ?"

ಓರಿನ್ ಅತ್ತ. ದುಃಖಕ್ಕಲ್ಲ, ಎದೆಯ ಮೇಲಿನ ಬಂಡೆ ಇಳಿದದ್ದಕ್ಕೆ. ಅವನ ಕಿವಿಗೆ ಹತ್ತಿದ ಬಣ್ಣ ಆಮೇಲೆ ಒಂದು ವಾರ ಹೋಗಲಿಲ್ಲ.

ಅಷ್ಟರಲ್ಲಿ ಎಲ್ಡೋರಾ ಸೇಬಿನ ಪೈ ಹಿಡಿದು ಮತ್ತೆ ರಸ್ತೆ ದಾಟಿ ಬಂದಳು. ಹೆಣವೇ ಎದ್ದು ಕೂತಿದ್ದನ್ನು ಕಂಡರೂ ಪೈ ಕೈಜಾರಲಿಲ್ಲ.

"ಏನಪ್ಪಾ, ಸತ್ತಿಲ್ವಾ?"

"ಇಲ್ಲ ಎಲ್ಡೋರಮ್ಮ. ತಪ್ಪಾಯ್ತು. ವಸೂಲಿಯೋರು ಅಂದ್ಕೊಂಡು ಹೇಳ್ಬಿಟ್ಟೆ. ನಿಮ್ಮ ಪಾತ್ರೆ ವಾಪಸ್ ತಗೊಂಡ್ ಹೋಗಿ."

"ಮುಟ್ಟದ ಹಾಟ್‌ಡಿಶ್ ವಾಪಸ್ ತಗೊಂಡ್ ಹೋದ್ರೆ ನನ್ನ ಕೈರುಚಿ ಬಗ್ಗೆ ಊರೋರು ಏನಂದ್ಕೋತಾರೆ? ಬದ್ಕಿದ್ರೂ ಪರ್ವಾಗಿಲ್ಲ, ತಿನ್ನು." ಮುದುಕಿ ಅವನ ಪಕ್ಕದಲ್ಲೇ ಕೂತಳು. "ನಮ್ಮನೆಯೋರು ಸಾಲ ಕೇಳೋಕೆ ಬಂದೋರಿಗೆ ಕೆನಡಾಗೆ ಹೋಗಿದಾರೆ ಅಂತ ನನ್ ಕೈಲಿ ಹೇಳಿಸಿ, ತಾವು ಸೋಫಾ ಹಿಂದೆ ಕೂತಿರೋರು. ಎರಡು ವರ್ಷ ಕೆನಡಾಲಿದ್ರು ಮಹಾರಾಯ್ರು. ಸಾಯೋದು ಮಾತ್ರ ಸ್ವಲ್ಪ ಜಾಸ್ತಿ ಆಯ್ತಪ್ಪ."

ಮೊದಲು ನಕ್ಕವಳು ಮಾರ್ಲಿಸ್.

ಸಂಜೆಯ ಹೊತ್ತಿಗೆ ಊರಿನವರೆಲ್ಲ ಬಂದು ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತು ಮೂಗು ಕೆಂಪಾಗಿದ್ದ ಜಾನೆಲ್‌ಗೆ ಓರಿನ್ ತಾನೇ ಕಾಫಿ ಕಾಸಿ ಕೊಟ್ಟು ಕ್ಷಮೆ ಕೇಳಿದ. ಎಲ್ಲರೂ ತಟ್ಟೆ ತುಂಬಿಕೊಳ್ಳುತ್ತಿರುವಾಗ ಬ್ರೆಡ್ಡಿನ ಡಬ್ಬಿಯೊಳಗೆ ಫೋನು ಬಡಕೊಳ್ಳತೊಡಗಿತು. ಅಭ್ಯಾಸಬಲದಿಂದ ಅವನೇ ಅದನ್ನು ಮತ್ತೆ ಅಲ್ಲಿಟ್ಟಿದ್ದ. ಮಾರ್ಲಿಸ್ ಏಳಲಿಲ್ಲ, ಸುಮ್ಮನೆ ಗಂಡನನ್ನು ನೋಡಿದಳು.

ಓರಿನ್ ಎದ್ದು ಹೋಗಿ ಎತ್ತಿದ.

"ಓರಿನ್ ಟ್ವೇಟ್ ಇದಾರಾ?" ಈ ಸಲ ನಿಜವಾದ ವಸೂಲಿಯವನು.

"ಇದೀನಿ," ಎಂದ ಓರಿನ್, ತನ್ನದೇ ದನಿಯಲ್ಲಿ. "ನಾನೇ ಮಾತಾಡ್ತಿರೋದು. ಸೋಮವಾರ ಬೆಳಿಗ್ಗೆ ಮಾಡಿ ಸ್ವಾಮಿ, ನಾನೂ ನನ್ನ ಹೆಂಡತೀನೂ ಒಟ್ಟಿಗೆ ಕೂತು ಮಾತಾಡ್ತೀವಿ. ಈಗ ಪುರುಸೊತ್ತಿಲ್ಲ, ನನ್ನ ತಿಥಿ ಊಟ ನಡೀತಿದೆ."

ಫೋನನ್ನು ಡಬ್ಬಿಗೆ ಹಾಕದೆ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕೂತ. ಮಾರ್ಲಿಸ್ ಅವನಿಗೆ ಇನ್ನೊಂದು ಸೌಟು ಬಡಿಸಿದಳು.